ಕಾಮತರ ಫುಲ್ ಫ್ರೇಮ್

ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ಎರಡನೆಯ ಕಾಫಿ ಬರುವ ಹೊತ್ತಿಗೆ ಕಾಮತರು ಘೋಷಿಸಿದರು: “ಇನ್ನು ಫುಲ್ ಫ್ರೇಮ್ ಅಲ್ಲದ ಕ್ಯಾಮೆರಾವನ್ನು ನಾನು ಮುಟ್ಟುವುದಿಲ್ಲ.”

“ಈಗಿನದು ಕೆಟ್ಟಿತೇ?” ಎಂದರು ಶೆಟ್ಟರು.

“ಕೆಟ್ಟಿಲ್ಲ, ಅದು ಕ್ರಾಪ್ ಸೆನ್ಸರ್,” ಎಂದು ಕಾಮತರು ಜಾತಕದೋಷವನ್ನು ತಿಳಿಸುವವರಂತೆ ದನಿ ತಗ್ಗಿಸಿದರು. “ಬೆಳಕು ಹಿಡಿಯುವ ಸೆನ್ಸರ್ ಎಂಬ ಬಿಲ್ಲೆ ಫುಲ್ ಫ್ರೇಮಿನಲ್ಲಿ 36ಕ್ಕೆ 24 ಮಿಲಿಮೀಟರ್; ನನ್ನದರಲ್ಲಿ ಸುಮಾರು 24ಕ್ಕೆ 16. ವಿಸ್ತೀರ್ಣದಲ್ಲಿ ಅರ್ಧವೂ ಇಲ್ಲ!”

“ಮುಂಬಯಿಯಲ್ಲಿದ್ದುಕೊಂಡು ಜಾಗ ಸಾಲದೆಂದು ಕ್ಯಾಮೆರಾದ ಪರವಾಗಿ ಅಳುವವರನ್ನು ಇಂದೇ ಕಂಡೆ,” ಎಂದೆ. “ಅಷ್ಟಕ್ಕೂ ತೆಗೆಯುವುದು ಏನನ್ನು?”

“ಶಿವಡಿಯ ಫ್ಲೆಮಿಂಗೊಗಳನ್ನು.”

“ಅವು ನೀರಿಳಿದ ಕೆಸರಿನಲ್ಲಿ ಬಲು ದೂರ ನಿಂತಿರುತ್ತವೆ. ನಿಮ್ಮ 400 ಮಿಲಿಮೀಟರ್ ಲೆನ್ಸು ಈಗಿನ ಕ್ಯಾಮೆರಾದಲ್ಲಿ 1.5 ಪಟ್ಟು, ಅಂದರೆ 600ರಷ್ಟು ಹತ್ತಿರದ ನೋಟ ಕೊಡುತ್ತಿದೆ. ಫುಲ್ ಫ್ರೇಮಿಗೆ ಅದೇ ಲೆನ್ಸು ಹಾಕಿದರೆ ಚೌಕಟ್ಟಿನ ತುಂಬ ಕೆಸರು, ನಡುವೆ ಎಲ್ಲೋ ಹಕ್ಕಿ. ಆಗ ನೀವು ಮನೆಗೆ ಬಂದು ಕಂಪ್ಯೂಟರಿನಲ್ಲಿ ಸುತ್ತಲಿನ ಕೆಸರನ್ನು ಕತ್ತರಿಸುತ್ತೀರಿ. 45 ಮೆಗಾಪಿಕ್ಸೆಲ್ಲಿನಲ್ಲಿ 20 ಉಳಿಯುತ್ತದೆ. ಲಕ್ಷಗಟ್ಟಲೆ ಸುರಿದು ಫುಲ್ ಫ್ರೇಮ್ ತಂದು ನೀವೇ ಕೂತು ಕ್ರಾಪ್ ಮಾಡುವ ಈ ಕೆಲಸವನ್ನು ಈಗಿನ ಕ್ಯಾಮೆರಾ ಸಂಬಳವಿಲ್ಲದೆ ಮಾಡುತ್ತಿದೆಯಲ್ಲ!”

ಕಾಮತರು ಸೋಲಲಿಲ್ಲ. ಗಣಪತಿಯ ರಾತ್ರಿ ಆರತಿಯ ಮಂದ ಬೆಳಕಿನಲ್ಲಿ ದೊಡ್ಡ ಸೆನ್ಸರಿಗೆ ಎರಡು ಪಟ್ಟಿಗೂ ಮೀರಿ ಬೆಳಕು ಸಿಗುವುದರಿಂದ ಚಿತ್ರದಲ್ಲಿ ರವೆ ಚೆಲ್ಲಿದಂತಹ ಚುಕ್ಕಿಗಳು ಕಡಿಮೆಯೆಂದರು, ಅದು ನಿಜವೇ. ಮನೆಯಲ್ಲಿ 50ರ ಲೆನ್ಸು 75ರಂತೆ ವರ್ತಿಸುವುದರಿಂದ ಇಡೀ ಸಂಸಾರವನ್ನು ಹಿಡಿಸಲು ಹಿಂದೆ ಸರಿದು ಸರಿದು ತಾವು ಅಡುಗೆಮನೆಗೆ ತಲುಪುವುದಾಗಿಯೂ ಹೇಳಿದರು.

“ಅಗಲ ನೋಟದ ಲೆನ್ಸೊಂದನ್ನು ಕೊಳ್ಳಿ,” ಎಂದೆ. “ಅಡುಗೆಮನೆಯಲ್ಲಿ ನಿಮ್ಮನ್ನು ಕಂಡು ಮನೆಯವರಿಗೂ ಗಾಬರಿಯಾಗುತ್ತಿರಬೇಕು. ನೀವು ಪೂರ್ಣವೆಂದು ಪೂಜಿಸುವ ಈ 36ಕ್ಕೆ 24, ಹಳೆಯ ಫಿಲ್ಮ್ ರೋಲಿನ ಅಳತೆ. 1925ರಲ್ಲಿ ಲೈಕಾ ಕ್ಯಾಮೆರಾ ಮಾರುಕಟ್ಟೆಗೆ ಬಂದ ಕಾಲಕ್ಕೆ ಅದು ಪುಟಾಣಿ ಕ್ಯಾಮೆರಾಗಳ ಸಾಲಿನಲ್ಲಿತ್ತು.”

ಅಲ್ಲಿಯವರೆಗೆ ಸುಮ್ಮನಿದ್ದ ರಾಯರು ಹೇಳಿದರು: “ನಮ್ಮ ತಂದೆಯವರದು ಇರುವುದೇ ಒಂದು ಫೋಟೊ. ಅವರು ತೀರಿಕೊಂಡ ಮೇಲೆ ಯಾರದೋ ಮದುವೆಯ ಗುಂಪಿನ ಚಿತ್ರದಿಂದ ಅವರೊಬ್ಬರನ್ನೇ ಕತ್ತರಿಸಿ, ದೊಡ್ಡದು ಮಾಡಿಸಿ ಹಾರ ಹಾಕಿದ್ದೇವೆ. ಹೆಗಲ ಮೇಲೆ ಇನ್ಯಾರದೋ ನಾಲ್ಕು ಬೆರಳು ಉಳಿದುಕೊಂಡಿವೆ. ಯಾರದೆಂದು ಹೇಳಬಲ್ಲವರು ಈಗ ಒಬ್ಬರೂ ಇಲ್ಲ.”

“ಮೂಲಚಿತ್ರ?” ಎಂದು ಕಾಮತರು ಮೆಲ್ಲಗೆ ಕೇಳಿದರು.

“ಸ್ಟುಡಿಯೋದಲ್ಲಿತ್ತು. ಅದೀಗ ಮೊಬೈಲ್ ಕವರಿನ ಅಂಗಡಿ.”

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಶೆಟ್ಟರು ಬಿಲ್ಲನ್ನು ತಮ್ಮತ್ತ ಎಳೆದುಕೊಂಡರು.

“ಆದರೂ ಫುಲ್ ಫ್ರೇಮೇ ಸರಿ,” ಎಂದು ಕಾಮತರು ಎದ್ದರು. “ಮನೆಯಲ್ಲಿ ಬೆಲೆ ಹೇಳುವುದು ಹೇಗೆಂಬುದೊಂದೇ ಚಿಂತೆ.”

“ಅದನ್ನು 1.5ರಿಂದ ಭಾಗಿಸಿ ಹೇಳಿ,” ಎಂದೆ.