ವರ್ಷಗಳಾದ ಮೇಲೆ ಪ್ರಾರ್ಥನೆ ಒಣಗಿ ಹೋದರೆ ಏನು ಮಾಡುತ್ತೀರಿ?

ಬೆಟಗೇರಿಯವ

ಎಲ್ಲರಿಗೂ ವಂದನೆ. ನಮ್ಮದು ಗದಗ-ಬೆಟಗೇರಿ ಕಡೆಯ ಹಳೇ ಬಾಸೆಲ್ ಮಿಷನ್ (ಪ್ರಾಟೆಸ್ಟಂಟ್) ಮನೆತನ, ಈಗ ಸಿ.ಎಸ್.ಐ., ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಸಭೆಯವರು. ಚರ್ಚು, ಸಂಡೇ ಸ್ಕೂಲು ಎಲ್ಲಾ ಹುಟ್ಟಿದಾಗಿಂದ ಇತ್ತು. ಆದರೆ ನಿಜವಾಗಿ ನಂಬಿಕೆ ಬಂದದ್ದು ಕಾಲೇಜಿನಲ್ಲಿದ್ದಾಗ, ಒಂದು ಯೂತ್ ಕ್ಯಾಂಪಿನಲ್ಲಿ. ಆಗ ಬೈಬಲ್ ಹಿಡಿದರೆ ಕೆಳಗಿಡಲು ಮನಸ್ಸಾಗುತ್ತಿರಲಿಲ್ಲ, ಪ್ರಾರ್ಥನೆಗೆ ಕೂತರೆ ಕಣ್ಣಲ್ಲಿ ನೀರು. ಈಗ ನಲವತ್ತು ದಾಟಿದೆ. ಬೆಂಗಳೂರಲ್ಲಿ ಕೆಲಸ, ಇ.ಎಂ.ಐ., ಮಕ್ಕಳ ಫೀಸು, ಅಪ್ಪನಿಗೆ ಡಯಾಲಿಸಿಸ್. ದೇವರ ಮೇಲೆ ಸಿಟ್ಟೇನೂ ಇಲ್ಲ. ಏನೂ ಅನಿಸುವುದಿಲ್ಲ, ಅಷ್ಟೇ. ಭಾನುವಾರ ವಿಶ್ವಾಸ ಪ್ರಮಾಣವನ್ನು ಬಾಯಿ ಹೇಳುತ್ತಿರುತ್ತದೆ, ತಲೆ ಸೋಮವಾರದ ಮೀಟಿಂಗಿನಲ್ಲಿರುತ್ತದೆ. ಕರ್ತನ ಭೋಜನಕ್ಕೆ (ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಲು) ಎದ್ದು ಹೋಗುವಾಗ ವೇಷ ಹಾಕಿದ ಹಾಗೆ ಅನಿಸುತ್ತದೆ.

ಪಾಸ್ಟರ್ ಹತ್ತಿರ ಹೇಳಿದೆ, ಉಪವಾಸ ಪ್ರಾರ್ಥನೆಗೆ ಬನ್ನಿ ಅಂದರು. ಹೋದೆ. ಹಸಿವಾಯಿತು.

ಇದು ಹೀಗೇ ಇರುತ್ತದಾ? ಬಹಳ ವರ್ಷ ನಂಬಿಕೆಯಲ್ಲಿ ಉಳಿದವರು ಏನು ಮಾಡಿದಿರಿ? ದಯವಿಟ್ಟು ಬರೀ ಬೈಬಲ್ ವಾಕ್ಯ ಕಳಿಸಬೇಡಿ. ಗುಲಾಬಿ ಹೂವಿನ ಫೋಟೋ ಜೊತೆ ವಾಟ್ಸಾಪಲ್ಲಿ ದಿನಾ ಬರುತ್ತವೆ.

ನಿವೃತ್ತ ಟೀಚರ್, ಧಾರವಾಡ

ತಮ್ಮಾ, ಹೀಗೇ ಇರುತ್ತದೆ ಅಂತ ನಾನು ಹೇಳಲಾರೆ, ಆದರೆ ನೀನು ಅಂದುಕೊಂಡದ್ದಕ್ಕಿಂತ ಜಾಸ್ತಿ ಕಾಲ ಇರಬಹುದು. ನನ್ನ ಮಟ್ಟಿಗೆ ಇತ್ತು. ವಾಕ್ಯ ಕಳಿಸಬೇಡ ಅಂದಿದ್ದೀ, ಸರಿ, ಒಂದು ಅಧ್ಯಾಯ ಮಾತ್ರ ಹೇಳುತ್ತೇನೆ: ಕೀರ್ತನೆ 88. ಅಳುತ್ತಾ ಶುರುವಾಗಿ ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೆ ಒಂದು ಸಮಾಧಾನದ ಮಾತೂ ಇಲ್ಲ. ಅದನ್ನು ಯಾರೂ ಬೈಬಲಿನಿಂದ ತೆಗೆದುಹಾಕಲಿಲ್ಲ ನೋಡು.

ನಾನು ಮಾಡಿದ್ದು ಇಷ್ಟೇ. ನನ್ನ ಮಾತು ಬತ್ತಿದಾಗ ಬೇರೆಯವರ ಮಾತು ಎರವಲು ತಂದುಕೊಂಡೆ. 150 ಕೀರ್ತನೆಗಳನ್ನು ತಿಂಗಳಿಗೆ ಹಂಚಿ ಬೆಳಿಗ್ಗೆ ಸಂಜೆ ಓದುವ ಕ್ರಮ ಆಂಗ್ಲಿಕನ್ ಪ್ರಾರ್ಥನೆ ಪುಸ್ತಕದಲ್ಲಿ ಹಿಂದಿನಿಂದಲೂ ಇದೆ. ಸಂತ ಬೆನೆಡಿಕ್ಟರ ಮಠಗಳಲ್ಲಂತೂ ವಾರಕ್ಕೇ ಮುಗಿಸುತ್ತಿದ್ದರು. ನಿನಗೆ ಅಷ್ಟು ಬೇಡ, ದಿನಕ್ಕೆ ಒಂದು ಸಾಕು. ಆದರೆ ಬಾಯಿಬಿಟ್ಟು ಓದು, ಸಾಲಾಗಿ ಓದು, ಇಷ್ಟವಾಗದ್ದನ್ನು ಹಾರಿಸಬೇಡ. ಮನಸ್ಸು ಬಂದಾಗ ಓದೋಣ ಅಂತ ಕೂತರೆ ಪುಸ್ತಕಕ್ಕೆ ಧೂಳು ಹಿಡಿಯುತ್ತದೆ.

ವೇಷದ ಬಗ್ಗೆ: ಇಲ್ಲದ ಭಕ್ತಿಯನ್ನು ನಾಲ್ಕು ಜನರಿಗೆ ತೋರಿಸುವವನು ವೇಷಧಾರಿ. ನೀನು ಭಕ್ತಿ ಇಲ್ಲ ಅಂತ ಎಲ್ಲರೆದುರು ಬರೆದುಕೊಂಡಿದ್ದೀ.

ಕುಲಶೇಖರದವಳು

ನಾನು ಕ್ಯಾಥೊಲಿಕ್, ಮಂಗಳೂರು. ಮದರ್ ತೆರೇಸಾರ ಪತ್ರಗಳು 2007ರಲ್ಲಿ ಹೊರಬಂದಾಗ ಎಷ್ಟೋ ಜನ ಬೆಚ್ಚಿಬಿದ್ದರು. ಸುಮಾರು ಐವತ್ತು ವರ್ಷ, ಹೆಚ್ಚುಕಡಿಮೆ ಸಾಯುವವರೆಗೆ, ಒಳಗೆ ಏನೂ ಇಲ್ಲ ಅಂತ ತಮ್ಮ ಗುರುಗಳಿಗೆ ಬರೆಯುತ್ತಲೇ ಇದ್ದರು. ಆದರೆ ಆ ಉದಾಹರಣೆ ನಮ್ಮಂಥವರಿಗೆ ಸ್ವಲ್ಪ ದೊಡ್ಡದು, ಅವರು ಸಂತರು. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಜಪಾನಿನ ಅಡಗಿದ ಕ್ರೈಸ್ತರ ಕಥೆ.

ನಮ್ಮ ಗೋವಾದಲ್ಲಿ ಮಲಗಿರುವ ಸಂತ ಫ್ರಾನ್ಸಿಸ್ ಝೇವಿಯರ್ 1549ರಲ್ಲಿ ಜಪಾನಿಗೆ ಹೋಗಿದ್ದರು. 1614ರಲ್ಲಿ ಇಡೀ ದೇಶದಲ್ಲಿ ಕ್ರೈಸ್ತ ಧರ್ಮಕ್ಕೆ ನಿಷೇಧ ಬಂತು. ಅಲ್ಲಿ ಉಳಿದಿದ್ದ ಕೊನೆಯ ಪಾದ್ರಿಯನ್ನು 1644ರಲ್ಲಿ ಕೊಂದರು. ಆಮೇಲೆ ಇನ್ನೂರು ವರ್ಷಕ್ಕೂ ಜಾಸ್ತಿ ಪಾದ್ರಿ ಇಲ್ಲ, ಪೂಜೆ ಇಲ್ಲ, ಪಾಪನಿವೇದನೆ ಇಲ್ಲ. ನಾಗಸಾಕಿ ಕಡೆ ಹಳ್ಳಿಯವರು ಕೆಲಸ ಹಂಚಿಕೊಂಡರು. ಹಬ್ಬ, ತಪಸ್ಸುಕಾಲ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು) ಯಾವಾಗ ಅಂತ ಪಂಚಾಂಗ ಇಟ್ಟುಕೊಳ್ಳಲು ಒಬ್ಬ, ಮಕ್ಕಳಿಗೆ ದೀಕ್ಷಾಸ್ನಾನ ಕೊಡಲು ಒಬ್ಬ, ಮನೆಮನೆಗೆ ಸುದ್ದಿ ಮುಟ್ಟಿಸಲು ಒಬ್ಬ. ಅಷ್ಟೂ ಜನಕ್ಕೆ ದಿನಾ ಭಕ್ತಿ ಉಕ್ಕುತ್ತಿತ್ತಾ? ನನಗೇನೋ ಹಾಗನಿಸುವುದಿಲ್ಲ. ಪಂಚಾಂಗದವನಿಗೆ ಬೇಸರ ಬಂದ ವರ್ಷವೂ ಈಸ್ಟರ್ ದಿನಾಂಕ ಎಣಿಸಲೇಬೇಕಿತ್ತು, ಇಲ್ಲದಿದ್ದರೆ ಇಡೀ ಊರಿಗೆ ಹಬ್ಬ ತಪ್ಪುತ್ತಿತ್ತು ಅಲ್ವಾ?

ಅವರು ವೀರರೂ ಆಗಿರಲಿಲ್ಲ. ವರ್ಷಕ್ಕೊಮ್ಮೆ ಅಧಿಕಾರಿಗಳು ಯೇಸುವಿನ ಅಥವಾ ಮಾತೆ ಮರಿಯಳ ಚಿತ್ರ ನೆಲದ ಮೇಲಿಟ್ಟು ತುಳಿಯಿರಿ ಅನ್ನುತ್ತಿದ್ದರು. ತುಳಿದು, ಮನೆಗೆ ಬಂದು ಪಶ್ಚಾತ್ತಾಪದ ಪ್ರಾರ್ಥನೆ ಹೇಳುತ್ತಿದ್ದರು. ಮುಂದಿನ ವರ್ಷ ಮತ್ತೆ ಅದೇ. 1865ರ ಮಾರ್ಚ್ 17ರಂದು ಉರಕಾಮಿ ಹಳ್ಳಿಯ ಕೆಲವರು ನಾಗಸಾಕಿಯ ಹೊಸ ಓವುರಾ ಚರ್ಚಿಗೆ ಬಂದು, ಫ್ರೆಂಚ್ ಪಾದ್ರಿ ಪೆತಿಜಾಁ ಅವರಿಗೆ ನಿಮ್ಮದೂ ನಮ್ಮದೂ ಒಂದೇ ಮನಸ್ಸು ಅಂತ ಮೆಲ್ಲಗೆ ಹೇಳಿ, ಮರಿಯಳ ಪ್ರತಿಮೆ ಎಲ್ಲಿದೆ ಅಂತ ಕೇಳಿದರು. ಅಷ್ಟಕ್ಕೇ ಕಷ್ಟ ಮುಗಿಯಲಿಲ್ಲ. ನಂತರ ಆ ಹಳ್ಳಿಯ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಗಡೀಪಾರು ಮಾಡಿದರು. ನಿಷೇಧದ ಫಲಕ ಇಳಿದದ್ದು 1873ರಲ್ಲಿ.

ಹಾಗಾಗಿ ನನ್ನ ಸಲಹೆ: ನೀವಿಲ್ಲದಿದ್ದರೆ ಯಾರಿಗಾದರೂ ತೊಂದರೆ ಆಗುವಂಥ ಒಂದು ಕೆಲಸ ನಿಮ್ಮ ಚರ್ಚಿನ ಸಭೆಯಲ್ಲಿ ಹಿಡಿಯಿರಿ. ಸ್ಟೇಜ್ ಮೇಲಿನದ್ದು ಬೇಡ. ವಯಸ್ಸಾದವರನ್ನು ಮನೆಯಿಂದ ಕರೆತರುವುದು, ಚಂದಾ ಲೆಕ್ಕ, ಏನಾದರೂ.

ರಾತ್ರಿ ಪಾಳಿ

ನಾನು ನರ್ಸ್. ಮೇಲಿನ ಇಬ್ಬರ ಮಾತು ಚೆನ್ನಾಗಿದೆ, ಆದರೆ ಒಂದು ತಕರಾರು. ಎಲ್ಲಾ ಒಣಗುವಿಕೆಯೂ ಆತ್ಮಿಕವಲ್ಲ. ಬ್ರದರ್, ನೀವು ಬರೆದ ಪಟ್ಟಿ ಮತ್ತೊಮ್ಮೆ ಓದಿ. ಪ್ರಾರ್ಥನೆಯಲ್ಲಿ ಮಾತ್ರ ಏನೂ ಅನಿಸುವುದಿಲ್ಲವಾ, ಅಥವಾ ಊಟ, ಹಾಡು, ಮಕ್ಕಳ ಜೊತೆ ಆಟ ಯಾವುದರಲ್ಲೂ ಇಲ್ಲವಾ? ನಿದ್ದೆ ಹೇಗಿದೆ? ಎಲ್ಲದರಲ್ಲೂ ಹೀಗೇ ಅಂದರೆ ಡಾಕ್ಟರ ಹತ್ತಿರ ಮಾತಾಡಿ. ಅದು ನಂಬಿಕೆ ಕಮ್ಮಿ ಅಂತಲ್ಲ. ಬೈಬಲಿನಲ್ಲಿ ಪ್ರವಾದಿ ಎಲೀಯ ಸಾಯಬೇಕು ಅಂತ ಗಿಡದ ಕೆಳಗೆ ಮಲಗಿದಾಗ ದೇವದೂತ ಪ್ರಸಂಗ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ. ಅವನು ತಿಂದು ಮತ್ತೆ ಮಲಗಿದ. ಮತ್ತೆ ಎಬ್ಬಿಸಿ ತಿನ್ನಿಸಿದ. ಮಾತುಕತೆ ಎಲ್ಲಾ ಆಮೇಲೆ.

ಮನೆಯಲ್ಲಿ ಡಯಾಲಿಸಿಸ್ ಪೇಷಂಟ್ ಇರುವವರಿಗೆ ಹೊಸದಾಗಿ ಸಭೆಯ ಕೆಲಸ ಹೊರಿಸುವುದು ನನಗೆ ಸರಿ ಕಾಣುವುದಿಲ್ಲ, ಸಿಸ್ಟರ್ ಬೇಜಾರು ಮಾಡಿಕೊಳ್ಳಬೇಡಿ. ಸಭೆಯೇ ಇವರಿಗಾಗಿ ಒಂದು ಪಾಳಿ ಹಿಡಿಯಲಿ.

ಕುಲಶೇಖರದವಳು

ಬೇಜಾರೇನಿಲ್ಲ, ಒಪ್ಪುತ್ತೇನೆ. ಹಳ್ಳಿಯವರು ಹಂಚಿಕೊಂಡರು ಅಂದದ್ದೂ ಅದಕ್ಕೇ ಅಲ್ವಾ. ಈಗ ನಿಮ್ಮ ಪಾಲಿನದನ್ನು ಬೇರೆಯವರು ಮಾಡಬೇಕಾದ ಕಾಲವೇನೋ.

ಬೆಟಗೇರಿಯವ

ಎಲ್ಲರಿಗೂ ಥ್ಯಾಂಕ್ಸ್. ನಿದ್ದೆ ಸರಿ ಇಲ್ಲ, ಅದು ನಿಜ. ಡಾಕ್ಟರ ಹತ್ತಿರ ಹೋಗುತ್ತೇನೆ. ಅಪ್ಪನನ್ನು ವಾರಕ್ಕೊಮ್ಮೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಲು ಆಗುತ್ತಾ ಅಂತ ಸಭೆಯಲ್ಲಿ ಕೇಳಲು ನಾಚಿಕೆ, ಆದರೂ ಕೇಳುತ್ತೇನೆ. ಚಿತ್ರ ತುಳಿದು ಮನೆಗೆ ಬಂದು ಪ್ರಾರ್ಥನೆ ಮಾಡುತ್ತಿದ್ದರು ಅಂದದ್ದು ಮಾತ್ರ ತಲೆಯಿಂದ ಹೋಗುತ್ತಿಲ್ಲ. ಅಂಥವರ ನಂಬಿಕೆಯೇ ಉಳಿಯಿತು ಅಂದರೆ ನಾನು ಯಾವ ಲೆಕ್ಕ.

ಟೀಚರ್, ದಿನದ ಕೀರ್ತನೆಯನ್ನು ಅಪ್ಪನ ಪಕ್ಕ ಕೂತು ಓದಬಹುದಾ? ಡಯಾಲಿಸಿಸ್ ನಡೆಯುವ ನಾಲ್ಕು ಗಂಟೆಯೂ ಸುಮ್ನೆ ಫೋನ್ ನೋಡುತ್ತಾ ಕೂತಿರುತ್ತೇನೆ.

ನಿವೃತ್ತ ಟೀಚರ್, ಧಾರವಾಡ

ಓದು. ಅವರಿಗೆ ಬಾಯಿಪಾಠ ಇರುವುದನ್ನು ಅವರೇ ಹೇಳಲಿ, ನೀನು ಕೇಳು. ನಮ್ಮ ತಲೆಮಾರಿನವರಿಗೆ 23 ಮತ್ತು 121 ಬಂದೇ ಬರುತ್ತದೆ.

ರಾತ್ರಿ ಪಾಳಿ

ಮೊದಲ ಒಂದು ಗಂಟೆಯೊಳಗೆ ಓದಿಬಿಡಿ. ಆಮೇಲೆ ಕೆಲವರಿಗೆ ಬಿ.ಪಿ. ಇಳಿದು ಸುಸ್ತಾಗುತ್ತದೆ, ಮಲಗಲು ಬಿಡಿ. ಮತ್ತೆ, ದನಿ ಸ್ವಲ್ಪ ಸಣ್ಣದಿರಲಿ, ಪಕ್ಕದ ಬೆಡ್ಡಿನವರೂ ಇರುತ್ತಾರೆ.