ಊರಿನ ಔಡಲ, ಅಗಸೆ, ಕುಸುಬೆ: ಪುಣೆಯಲ್ಲಿ ಕೂತು ಇವುಗಳಿಂದ ಏನು ಮಾಡಬಹುದು?

ಗದಗಿನ ಮಗಳು, ಪುಣೆ

ಎಲ್ಲರಿಗೂ ನಮಸ್ಕಾರ. ನಾನು ಇರುವುದು ನಿಗಡಿಯಲ್ಲಿ, ತವರು ಗದಗ ಕಡೆ. ಅಣ್ಣ ಎರೆ ಹೊಲದಲ್ಲಿ ಹಿಂಗಾರಿಗೆ ಕುಸುಬೆ, ಅಗಸೆ ಹಾಕುತ್ತಾನೆ. ಬದುವಿನ ಮೇಲೆ ಔಡಲ ಗಿಡಗಳಿವೆ. ಸುಗ್ಗಿ ಮುಗಿದ ಮೇಲೆ ಎಲ್ಲವೂ ದಲಾಲಿ ಅಂಗಡಿಗೆ ಹೋಗುತ್ತದೆ, ಅವರು ಹೇಳಿದ್ದೇ ರೇಟು. ಇಲ್ಲಿ ಪುಣೆಯಲ್ಲಿ ನೋಡಿದರೆ ಓಣಿ ಓಣಿಗೂ ಲಾಕಡಿ ಘಾಣಾ (ಮರದ ಎಣ್ಣೆ ಗಾಣ) ಬಂದಿದೆ, ಸಣ್ಣ ಬಾಟಲಿ ಅಗಸೆ ಎಣ್ಣೆಗೆ, ಕೈಯಲ್ಲಿ ಮಾಡಿದ ಸೋಪಿಗೆ ಜನ ಕೇಳಿದಷ್ಟು ಕೊಡುತ್ತಾರೆ. ಆ ದುಡ್ಡಿನಲ್ಲಿ ಸ್ವಲ್ಪವಾದರೂ ಬೆಳೆದವನ ಮನೆಗೆ ಹೋಗಬೇಕು ಅನ್ನುವುದು ನನ್ನ ಆಸೆ.

ಯಜಮಾನರ ಗೆಳೆಯರೊಬ್ಬರು ಔಡಲ ಎಣ್ಣೆಯಿಂದ ನೈಲಾನ್, ಗ್ರೀಸ್, ಔಷಧಿ ಎಲ್ಲಾ ಆಗುತ್ತದೆ, ಅದನ್ನೇ ಹಿಡಿಯಿರಿ ಅನ್ನುತ್ತಾರೆ. ಇನ್ನೊಬ್ಬರು ಮೂರೂ ಎಣ್ಣೆ ಸೇರಿಸಿ ಸೋಪು ಮಾಡಿ ಅನ್ನುತ್ತಾರೆ. ನಾನು ಬಿಎಸ್ಸಿ ಕೆಮಿಸ್ಟ್ರಿ ಓದಿದ್ದೇನೆ, ಆದರೆ ಕಾಲೇಜು ಬಿಟ್ಟು ತುಂಬಾ ವರ್ಷ ಆಯಿತು. ಯಾವ ಬೀಜದಿಂದ ಏನು ಮಾಡುವುದು ಸರಿ? ಮನೆಮಟ್ಟದಲ್ಲಿ ಆಗುವುದು ಯಾವುದು, ಕಾರ್ಖಾನೆಗೇ ಬಿಡಬೇಕಾದದ್ದು ಯಾವುದು? ಕೆಲಸ ಗೊತ್ತಿರುವವರು ದಯವಿಟ್ಟು ಬರೆಯಿರಿ.

ಅಂಬರನಾಥದವನು

ಮೇಡಂ, ನಾನು ಅಂಬರನಾಥ ಎಂಐಡಿಸಿಯಲ್ಲಿ (ಸರ್ಕಾರದ ಕೈಗಾರಿಕಾ ಪ್ರದೇಶ) ಎಣ್ಣೆಯಿಂದ ಕೆಮಿಕಲ್ ಮಾಡುವ ಕಡೆ ಕೆಲಸದಲ್ಲಿದ್ದೇನೆ, ಊರು ಕುಂದಾಪುರ. ಮೊದಲು ಒಂದು ಮಾತು. ಪೇಟೆಯಲ್ಲಿ ಏನು ಮಾರುತ್ತದೆ ಅಂತ ನೋಡಿ ಎಣ್ಣೆ ಆರಿಸಬೇಡಿ. ಎಣ್ಣೆಯ ಗುಣ ನೋಡಿ, ಆಮೇಲೆ ಏನು ಮಾಡುವುದು ಅಂತ ಯೋಚಿಸಿ. ನಿಮ್ಮ ಮೂರು ಬೀಜ ಮೂರು ದಿಕ್ಕಿಗೆ ಹೋಗುವಂಥವು.

ನಿಮಗೆ ಅಯೋಡಿನ್ ವ್ಯಾಲ್ಯೂ ನೆನಪಿರಬೇಕು. 100 ಗ್ರಾಂ ಎಣ್ಣೆ ಎಷ್ಟು ಗ್ರಾಂ ಅಯೋಡಿನ್ ಹಿಡಿಯುತ್ತದೆ ಅನ್ನುವ ಲೆಕ್ಕ, ಅದರಿಂದ ಎಣ್ಣೆಯಲ್ಲಿ ಡಬಲ್ ಬಾಂಡ್, ಅಂದರೆ ಕಾರ್ಬನ್‌ಗಳ ನಡುವಿನ ಜೋಡಿ ಬಂಧ, ಎಷ್ಟಿದೆ ಅಂತ ಗೊತ್ತಾಗುತ್ತದೆ. ಕೊಬ್ಬರಿ ಎಣ್ಣೆಗೆ ಇದು ಸುಮಾರು 10, ಔಡಲಕ್ಕೆ 85ರ ಆಸುಪಾಸು, ಕುಸುಬೆಗೆ 145, ಅಗಸೆಗೆ 170ರಿಂದ 200. ಈ ಅಂಕಿ ಜಾಸ್ತಿ ಆದಷ್ಟೂ ಎಣ್ಣೆ ಗಾಳಿಯ ಆಕ್ಸಿಜನ್ ಬೇಗ ಹಿಡಿಯುತ್ತದೆ. ಅದಕ್ಕೇ ಅಗಸೆ ಎಣ್ಣೆಯನ್ನು ತೆಳುವಾಗಿ ಹಚ್ಚಿದರೆ ಒಣಗಿ ಪದರ ಕಟ್ಟುತ್ತದೆ, ಕೊಬ್ಬರಿ ಎಣ್ಣೆ ಎಷ್ಟು ದಿನ ಬಿಟ್ಟರೂ ಹಾಗಾಗುವುದಿಲ್ಲ. ಪೇಂಟಿಗೆ ಒಳ್ಳೆಯದಾದ ಅದೇ ಗುಣ ಸೋಪಿಗೆ ಕೆಟ್ಟದ್ದು, ಎಣ್ಣೆ ಬೇಗ ಕಮಟಾಗುವುದರಿಂದ ಬಾಟಲಿಯಲ್ಲಿ ತುಂಬಿ ಮಾರುವವರಿಗೂ ಕಷ್ಟ.

ಔಡಲದ್ದು ಬೇರೆಯೇ ದಾರಿ. ಅದರ ಎಣ್ಣೆಯಲ್ಲಿ ನೂರಕ್ಕೆ 85ರಿಂದ 90 ಭಾಗ ರಿಸಿನೋಲಿಕ್ ಆಸಿಡ್, ಅದರ 12ನೇ ಕಾರ್ಬನ್ ಮೇಲೆ ಒಂದು ಹೈಡ್ರಾಕ್ಸಿಲ್ ಗುಂಪು (ಆಕ್ಸಿಜನ್-ಹೈಡ್ರೋಜನ್ ಜೋಡಿ) ಕೂತಿದೆ. ಎಣ್ಣೆ ಅಷ್ಟು ಮಂದವಾಗಿರುವುದು, ಆಲ್ಕೋಹಾಲ್‌ನಲ್ಲಿ ಕರಗುವುದು, ಕಾರ್ಖಾನೆಗಳಿಗೆ ಅಷ್ಟು ಬೇಕಾಗಿರುವುದು ಎಲ್ಲಾ ಆ ಗುಂಪಿನಿಂದಲೇ. ಹೈಡ್ರೋಜನ್ ಹಾಯಿಸಿದರೆ ಗಟ್ಟಿ ಮೇಣ ಸಿಗುತ್ತದೆ, ಅದರಿಂದ ಲಿಥಿಯಂ ಗ್ರೀಸ್. ಕಾಸ್ಟಿಕ್ ಸೋಡಾ ಜೊತೆ ಸುಮಾರು 250 ಡಿಗ್ರಿಗೆ ಕಾಯಿಸಿದರೆ ಸೆಬಾಸಿಕ್ ಆಸಿಡ್ ಅನ್ನುವ ಕಾರ್ಖಾನೆ ಕಚ್ಚಾವಸ್ತು. ಇನ್ನೂ ಜಾಸ್ತಿ ಶಾಖದಲ್ಲಿ ಒಡೆದರೆ ಒಂದು ಕಡೆ ಸೆಂಟಿನವರಿಗೆ ಬೇಕಾದ ಹೆಪ್ಟಾಲ್ಡಿಹೈಡ್, ಇನ್ನೊಂದು ಕಡೆ ಅಂಡಿಸಿಲಿನಿಕ್ ಆಸಿಡ್. ಕಾಲ್ಬೆರಳ ಸಂದಿನ ಫಂಗಸ್‌ಗೆ ಹಚ್ಚುವ ಕೆಲವು ಮುಲಾಮುಗಳಲ್ಲಿ ಇದೇ ಇರುತ್ತದೆ, ನೈಲಾನ್ 11 ಶುರುವಾಗುವುದೂ ಇದರಿಂದಲೇ. ಸಲ್ಫ್ಯೂರಿಕ್ ಆಸಿಡ್ ಸೇರಿಸಿದರೆ ಟರ್ಕಿ ರೆಡ್ ಆಯಿಲ್, ಬಟ್ಟೆಗೆ ಬಣ್ಣ ಹಾಕುವವರು ತುಂಬಾ ಹಿಂದಿನಿಂದ ಬಳಸುತ್ತಿರುವುದು. ಕಛ್‌ನ ನಿರೋಣಾ ಹಳ್ಳಿಯ ರೋಗನ್ ಕಲಾವಿದರು ಇದೇ ಎಣ್ಣೆಯನ್ನು ಕುದಿಸಿ ಕುದಿಸಿ ಅಂಟು ಮಾಡಿ, ಬಣ್ಣ ಬೆರೆಸಿ, ಕಡ್ಡಿಯಿಂದ ಬಟ್ಟೆ ಮೇಲೆ ಎಳೆ ಎಳೆಯಾಗಿ ಬಿಡುತ್ತಾರೆ. ರಿಯಾಕ್ಟರ್ ಇಲ್ಲದ ಕಾಲದಲ್ಲೇ ಜನ ಈ ಎಣ್ಣೆಯನ್ನು ಅಷ್ಟು ಚೆನ್ನಾಗಿ ಅರಿತಿದ್ದರು.

ಆದರೆ ಗ್ರೀಸು, ನೈಲಾನು ನಿಮ್ಮ ಕೆಲಸ ಅಲ್ಲ. ಅದಕ್ಕೆ ಒತ್ತಡ ತಡೆಯುವ ರಿಯಾಕ್ಟರ್ ಬೇಕು, ಆಸಿಡ್ ನೀರು ಶುದ್ಧ ಮಾಡುವ ಘಟಕ ಬೇಕು, ಟನ್ನುಗಟ್ಟಲೆ ಎಣ್ಣೆ ಬೇಕು. ಗುಜರಾತಿನಲ್ಲಿ ಬೀಜವೂ ಅಲ್ಲೇ, ಕಾರ್ಖಾನೆಯೂ ಅಲ್ಲೇ. ಬದುವಿನ ಔಡಲ ಹಿಡಿದುಕೊಂಡು ಆ ರೇಟಿಗೆ ಪೈಪೋಟಿ ಕೊಡಲು ಆಗುವುದಿಲ್ಲ.

ಇನ್ನೊಂದು, ಇದನ್ನು ಅಣ್ಣನಿಗೂ ಓದಿ ಹೇಳಿ. ಔಡಲ ಬೀಜದಲ್ಲಿ ರಿಸಿನ್ ಅನ್ನುವ ಕಡು ವಿಷ ಇದೆ. ಅದು ಪ್ರೋಟೀನ್, ನೀರಲ್ಲಿ ಕರಗುತ್ತದೆ, ಎಣ್ಣೆಗೆ ಬರುವುದಿಲ್ಲ, ಹಿಂಡಿಯಲ್ಲೇ ಉಳಿಯುತ್ತದೆ. ಹಾಗಾಗಿ ಆ ಹಿಂಡಿ ದನಕ್ಕೆ ಹಾಕಲೇಬಾರದು. ಗೊಬ್ಬರಕ್ಕೆ ಹಾಕಿದರೂ ಮಣ್ಣಲ್ಲಿ ಚೆನ್ನಾಗಿ ಮುಚ್ಚಬೇಕು, ನಾಯಿ ತಿಂದರೆ ಸಾಯುತ್ತದೆ. ಅದರ ಧೂಳು ಕೆಲವರಿಗೆ ದಮ್ಮು ತರುತ್ತದೆ. ಅಡುಗೆ ಎಣ್ಣೆ ತೆಗೆಯುವ ಗಾಣದಲ್ಲಿ ಔಡಲ ಹಾಕಿಸಬೇಡಿ, ಗಾಣದವರು ಒಪ್ಪಿದರೂ ನೀವು ಒಪ್ಪಬೇಡಿ.

ಮರಗೆಲಸ ಪುಣೆ

ಅಕ್ಕಾ, ನಾನು ಕಾತ್ರಜ್‌ನಲ್ಲಿ ಮರದ ಕೆಲಸ ಮಾಡುತ್ತೇನೆ, ನಮ್ಮದು ಬಾಗಲಕೋಟೆ. ಅಗಸೆ ಬಗ್ಗೆ ಹೇಳುತ್ತೇನೆ. ಪೇಟೆಯಲ್ಲಿ ಸಿಗುವ ಬಾಯಿಲ್ಡ್ ಲಿನ್ಸೀಡ್ ಆಯಿಲ್‌ನಲ್ಲಿ ಬೇಗ ಒಣಗಲಿ ಅಂತ ಡ್ರೈಯರ್ ಅನ್ನುವ ಕೆಮಿಕಲ್ ಹಾಕಿರುತ್ತಾರೆ. ಅಲ್ಮಾರಿಗೆ ಸರಿ. ಮಕ್ಕಳ ಆಟಿಕೆಗೆ, ಚಪಾತಿ ಮಣೆಗೆ, ತರಕಾರಿ ಹೆಚ್ಚುವ ಹಲಗೆಗೆ ನಮಗೆ ಏನೂ ಬೆರೆಸದ ಎಣ್ಣೆ ಬೇಕು, ಅದು ನಂಬಿಕೆಯಿಂದ ಸಿಗುವುದೇ ಕಷ್ಟ. ಗಾಣದ ಎಣ್ಣೆಯನ್ನು ಹಾಗೇ ಬಿಟ್ಟು, ತಳಕ್ಕೆ ಇಳಿದ ಗಷ್ಟು ಬಿಟ್ಟು ಮೇಲಿನದ್ದು ಸೋಸಿ ಕೊಟ್ಟರೆ ಸಾಕು. ಬಟ್ಟೆಯಲ್ಲಿ ತೆಳುವಾಗಿ ಹಚ್ಚಿ, ಮರ ಕುಡಿಯುವಷ್ಟು ಬಿಟ್ಟು, ಉಳಿದದ್ದು ಒರೆಸಿ ತೆಗೆಯಬೇಕು. ಒಣಗಲು ದಿನಗಟ್ಟಲೆ ಬೇಕು, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಜೇನುಮೇಣ ಕರಗಿಸಿ ಬೆರೆಸಿದರೆ ಒಳ್ಳೆ ಪಾಲಿಶ್ ಆಗುತ್ತದೆ. ಕ್ರಿಕೆಟ್ ಬ್ಯಾಟಿಗೆ ಹಚ್ಚುವುದೂ ಇದನ್ನೇ. ಹಳೆ ಮರದ ಕಿಟಕಿಗೆ ಗಾಜು ಕೂರಿಸುವ ಪುಟ್ಟಿ ಅಂದರೆ ಸೀಮೆಸುಣ್ಣದ ಪುಡಿಗೆ ಈ ಎಣ್ಣೆ ಹಾಕಿ ನಾದಿದ್ದು, ಅಷ್ಟೇ.

ಒಂದು ಎಚ್ಚರಿಕೆ, ಬಾಟಲಿಯ ಲೇಬಲ್ ಮೇಲೂ ದೊಡ್ಡದಾಗಿ ಬರೆಯಿರಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಮೇಲೆ ಸರ್ ಹೇಳಿದ ಹಾಗೆ ಎಣ್ಣೆ ಆಕ್ಸಿಜನ್ ಹಿಡಿಯುವಾಗ ಶಾಖ ಹುಟ್ಟುತ್ತದೆ, ಮುದ್ದೆಯ ಒಳಗೆ ಅದು ಹೊರಗೆ ಹೋಗಲು ಜಾಗ ಇಲ್ಲದೆ ಏರುತ್ತಾ ಹೋಗಿ, ಬೆಂಕಿಕಡ್ಡಿ ಇಲ್ಲದೆ ತಾನಾಗಿ ಹೊತ್ತಿಕೊಳ್ಳುತ್ತದೆ. ಹೊರಗೆ ಬಿಡಿಸಿ ಒಣಹಾಕಬೇಕು, ಇಲ್ಲವೇ ನೀರಲ್ಲಿ ನೆನೆಸಿಡಬೇಕು. ಮರದ ಹೊಟ್ಟು ತುಂಬಿದ ನಮ್ಮಂಥ ಜಾಗದಲ್ಲಿ ಇದು ಸಣ್ಣ ಮಾತಲ್ಲ.

ಮಡಗಾಂವದಿಂದ

ತಂಗಿ, ನಾನು ಕುಮಟಾ ಕಡೆಯವಳು, ಮದುವೆಯಾಗಿ ಗೋವಾಕ್ಕೆ ಬಂದಿದ್ದೇನೆ. ಮನೆಯಲ್ಲಿ ಸೋಪು ಮಾಡುತ್ತೇನೆ. ನಿನ್ನ ಔಡಲಕ್ಕೆ ಜಾಗ ಇಲ್ಲಿದೆ. ಅದೊಂದೇ ಹಾಕಿದರೆ ಸೋಪು ಮೆತ್ತಗೆ, ಜಿಗುಟು. ಆದರೆ ಒಟ್ಟು ಎಣ್ಣೆಯಲ್ಲಿ ನೂರಕ್ಕೆ 5ರಿಂದ 10 ಭಾಗ ಇದ್ದರೆ ನೊರೆ ಚೆನ್ನಾಗಿ ನಿಲ್ಲುತ್ತದೆ. ಕೊಬ್ಬರಿ ಎಣ್ಣೆ ಗಟ್ಟಿತನಕ್ಕೆ ಮತ್ತು ನೊರೆಗೆ, ನಾವು ಇಲ್ಲಿ ಅದರ ಜೊತೆ ಮುರುಗಲ ತುಪ್ಪ ಹಾಕುತ್ತೇವೆ. ಕೋಕಂ ಹಣ್ಣಿನ ಸಿಪ್ಪೆ ಸಾರಿಗೆ ಹೋದ ಮೇಲೆ ಉಳಿಯುವ ಬೀಜವನ್ನು ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸಿದರೆ ಕೊಬ್ಬು ಮೇಲೆ ತೇಲುತ್ತದೆ, ತಣ್ಣಗಾದ ಮೇಲೆ ಎತ್ತಿ ಉಂಡೆ ಮಾಡುವುದು. ಕರಗುವುದು 40 ಡಿಗ್ರಿ ಹತ್ತಿರ, ಅದಕ್ಕೇ ಡಬ್ಬಿಯಲ್ಲಿ ಗಟ್ಟಿ, ಮೈಮೇಲೆ ಮೆತ್ತಗೆ. ಒಡೆದ ಹಿಮ್ಮಡಿಗೆ ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದೇ ಇರುತ್ತಿತ್ತು. ಈಗ ದೊಡ್ಡ ಕಂಪನಿಗಳ ಕ್ರೀಮಿನಲ್ಲೂ ಇದೆ.

ಲೆಕ್ಕ ಮಾತ್ರ ಕಣ್ಣಂದಾಜಿನಲ್ಲಿ ಮಾಡಬೇಡ. ಒಂದೊಂದು ಎಣ್ಣೆಗೆ ಒಂದೊಂದು ಅಳತೆ. 100 ಗ್ರಾಂ ಕೊಬ್ಬರಿ ಎಣ್ಣೆಗೆ ಕಾಸ್ಟಿಕ್ ಸೋಡಾ ಸುಮಾರು 18 ಗ್ರಾಂ ಬೇಕು, ಔಡಲಕ್ಕೆ 13ಕ್ಕೂ ಸ್ವಲ್ಪ ಕಡಿಮೆ. ಒಟ್ಟು ಲೆಕ್ಕ ಹಾಕಿ ನೂರಕ್ಕೆ 5ರಷ್ಟು ಕಾಸ್ಟಿಕ್ ಕಡಿಮೆಯೇ ಹಾಕು, ಸ್ವಲ್ಪ ಎಣ್ಣೆ ಉಳಿದರೆ ಚರ್ಮಕ್ಕೆ ಹಿತ. ಕಾಸ್ಟಿಕ್ ಅನ್ನು ನೀರಿಗೆ ಹಾಕಬೇಕು, ಕಾಸ್ಟಿಕ್ ಮೇಲೆ ನೀರು ಸುರಿಯಬಾರದು, ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಮುಟ್ಟಲೇಬೇಡ. ಕನ್ನಡಕ, ಕೈಗವಸು ಇಲ್ಲದೆ ಶುರು ಮಾಡಬೇಡ, ಮಕ್ಕಳು ಆ ಹೊತ್ತಿಗೆ ಅಡುಗೆಮನೆಯಲ್ಲಿ ಇರಬಾರದು. ಕತ್ತರಿಸಿದ ಮೇಲೆ 4ರಿಂದ 6 ವಾರ ಗಾಳಿಯಾಡುವ ಕಡೆ ಇಡಬೇಕು. ಅಗಸೆ ಎಣ್ಣೆ ಸೋಪಿಗೆ ಹಾಕಿದರೆ ಕಿತ್ತಳೆ ಬಣ್ಣದ ಕಲೆ ಬಂದು ಕಮಟು ವಾಸನೆ ಹೊಡೆಯುತ್ತದೆ, ಕುಸುಬೆ ಜಾಸ್ತಿ ಹಾಕಿದರೂ ಅದೇ ಗತಿ. ದೊಡ್ಡ ಕಾರ್ಖಾನೆಗಳಲ್ಲಿ ಸೋಪಿನಿಂದ ಗ್ಲಿಸರಿನ್ ಬೇರೆ ಮಾಡಿ ಮಾರುತ್ತಾರೆ. ಮನೆ ಸೋಪಿನಲ್ಲಿ ಅದು ಹಾಗೇ ಉಳಿಯುತ್ತದೆ, ಗಿರಾಕಿಗೆ ಅದನ್ನು ಹೇಳು.

ಗದಗಿನ ಮಗಳು, ಪುಣೆ

ಎಷ್ಟು ಬಿಡಿಸಿ ಬರೆದಿದ್ದೀರಿ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಔಡಲದ ಹಿಂಡಿ ವಿಷಯ ಅಣ್ಣನಿಗೆ ಆಗಲೇ ಫೋನ್ ಮಾಡಿ ಹೇಳಿದೆ. ಇನ್ನೆರಡು ಪ್ರಶ್ನೆ. ಔಡಲ ಎಣ್ಣೆಗೆ ಕರಿಬೇವು ಹಾಕಿ ಕಾಯಿಸಿ ‘ಕೂದಲು ಬೆಳೆಯುತ್ತದೆ’ ಅಂತ ಮಾರಬಹುದಾ, ಎಲ್ಲರೂ ಮಾರುತ್ತಾರಲ್ಲ? ಅಗಸೆ ಎಣ್ಣೆ ಹೃದಯಕ್ಕೆ ಒಳ್ಳೆಯದು ಅಂತ ಬಾಟಲಿ ಮೇಲೆ ಬರೆಯಬಹುದಾ?

ಡೊಂಬಿವಲಿ ಕನ್ನಡಿಗ

ಔಷಧಿ ಕಂಪನಿಯಲ್ಲಿ ಲೈಸೆನ್ಸ್ ಕಾಗದಪತ್ರ ನೋಡುವುದು ನನ್ನ ಕೆಲಸ, ಆದ್ದರಿಂದ ನೇರವಾಗಿ ಹೇಳುತ್ತೇನೆ. ಎರಡೂ ಬರೆಯಬೇಡಿ. ಮೈಗೆ ಹಚ್ಚುವ ಸೋಪು, ಎಣ್ಣೆ ಮಾರಾಟಕ್ಕೆ ಮಾಡುವುದಾದರೆ ಅದು ಕಾಸ್ಮೆಟಿಕ್. 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ತಯಾರಿಕೆಗೆ ಲೈಸೆನ್ಸ್ ಬೇಕು, ಮಹಾರಾಷ್ಟ್ರದಲ್ಲಿ ಅದನ್ನು ಕೊಡುವುದು ಎಫ್‌ಡಿಎ, ಅಂದರೆ ರಾಜ್ಯದ ಆಹಾರ ಮತ್ತು ಔಷಧ ಇಲಾಖೆ. ಉಸ್ತುವಾರಿಗೆ ಕೆಮಿಸ್ಟ್ರಿ ಅಥವಾ ಫಾರ್ಮಸಿ ಓದಿದವರು ಬೇಕು, ನಿಮ್ಮ ಡಿಗ್ರಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸ್ವಂತ ಜಾಗ ಕಷ್ಟವಾದರೆ ಲೈಸೆನ್ಸ್ ಇರುವ ಘಟಕದಲ್ಲಿ ಮಾಡಿಸಿ ನಿಮ್ಮ ಹೆಸರಲ್ಲಿ ಮಾರುವ ಲೋನ್ ಲೈಸೆನ್ಸ್ ದಾರಿಯೂ ಇದೆ. ಅದೇ ಎಣ್ಣೆ ಕೂದಲು ಬೆಳೆಸುತ್ತದೆ, ರೋಗ ವಾಸಿ ಮಾಡುತ್ತದೆ ಅಂದ ಕೂಡಲೇ ಔಷಧಿಯ ಕಾನೂನು ಬರುತ್ತದೆ, ಆಯುರ್ವೇದ ಔಷಧಿಗೆ ಕೊಡುವ ಆಯುಷ್ ಲೈಸೆನ್ಸ್ ಬೇಕಾಗುತ್ತದೆ. ಎಲ್ಲರೂ ಮಾರುತ್ತಾರೆ ಅನ್ನುವುದು ನೋಟಿಸಿಗೆ ಉತ್ತರ ಆಗುವುದಿಲ್ಲ. ತಿನ್ನುವ ಎಣ್ಣೆಯಾದರೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮ, ಬಿಡಿಯಾಗಿ ಅಳೆದು ಮಾರುವಂತಿಲ್ಲ, ಪ್ಯಾಕ್ ಮಾಡಿ ಲೇಬಲ್ ಹಾಕಲೇಬೇಕು.

ಕಾನೂನು ಬಿಟ್ಟು ಹೇಳುವುದಾದರೂ, ಔಡಲ ಎಣ್ಣೆ ಕೂದಲಿಗೆ ಹೊಳಪು ಕೊಡುತ್ತದೆ, ಒರಟುತನ ಕಡಿಮೆ ಮಾಡುತ್ತದೆ, ಅಷ್ಟು ಬರೆದರೆ ಸಾಲದೇ? ಅಗಸೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಆಲ್ಫಾ ಲಿನೋಲೆನಿಕ್ ಆಸಿಡ್, ಅಂದರೆ ಸಸ್ಯಮೂಲದ ಒಮೇಗಾ 3, ಇದೆ ಅನ್ನುವುದು ನಿಜ. ಆದರೆ ಮೀನೆಣ್ಣೆಯಲ್ಲಿ ಇರುವ ಒಮೇಗಾ 3 ಆಗಿ ಅದನ್ನು ನಮ್ಮ ದೇಹ ಬದಲಾಯಿಸುವುದು ಸ್ವಲ್ಪವೇ. ಎಣ್ಣೆ ತೆಗೆದಾಗ ನಾರಿನ ಅಂಶ, ಲಿಗ್ನಾನ್ ಅನ್ನುವ ಸಸ್ಯಾಂಶಗಳು ಬಹುಪಾಲು ಹಿಂಡಿಯಲ್ಲೇ ಉಳಿಯುತ್ತವೆ. ನನ್ನನ್ನು ಕೇಳಿದರೆ ತಿನ್ನುವುದಕ್ಕೆ ಅಗಸೆ ಚಟ್ನಿಪುಡಿಯೇ ಮೇಲು. ಪುಣೆಯ ಮರಾಠಿ ಮನೆಗಳಲ್ಲೂ ಜವಸ್ ಚಟ್ನಿ ಬೇಕೇ ಬೇಕು, ಗಿರಾಕಿ ಹುಡುಕುವ ಕಷ್ಟ ಇಲ್ಲ.

ಗದಗಿನ ಮಗಳು, ಪುಣೆ

ಹಾಗಾದರೆ ಕುಸುಬೆ ಅಡುಗೆ ಎಣ್ಣೆಗೆ, ಅಗಸೆಯಲ್ಲಿ ಒಂದು ಪಾಲು ಚಟ್ನಿಪುಡಿಗೆ, ಒಂದು ಪಾಲು ಮರಗೆಲಸದವರ ಎಣ್ಣೆಗೆ. ಔಡಲ ಸ್ವಲ್ಪವೇ ಸಿಗುವುದರಿಂದ ಸೋಪಿಗೆ ಸಾಕು, ಅದೂ ಲೈಸೆನ್ಸ್ ಆದ ಮೇಲೆ. ಅಂಬರನಾಥ ಸರ್, ಕೊನೆಯದಾಗಿ ಒಂದು. ಅಣ್ಣನ ಬೀಜ ಚೆನ್ನಾಗಿದೆಯೋ ಇಲ್ಲವೋ ಅಂತ ಗಾಣಕ್ಕೆ ಹಾಕುವ ಮೊದಲು ಹೇಗೆ ತಿಳಿಯುವುದು? ಹೋದ ವರ್ಷ ಚೀಲಕ್ಕೆ ಸ್ವಲ್ಪ ನೀರು ತಾಗಿತ್ತಂತೆ.

ಅಂಬರನಾಥದವನು

ನೀರು ತಾಗಿದ ಚೀಲ ಬೇರೆ ಇಡಿಸಿ, ಒಳ್ಳೆಯದರ ಜೊತೆ ಸೇರಿಸಬೇಡಿ. ಬೀಜ ಒದ್ದೆಯಾದರೆ ಅದರಲ್ಲೇ ಇರುವ ಲೈಪೇಸ್ ಕಿಣ್ವ ಕೆಲಸ ಶುರು ಮಾಡಿ ಎಣ್ಣೆಯನ್ನು ಒಡೆಯುತ್ತದೆ, ಫ್ರೀ ಫ್ಯಾಟಿ ಆಸಿಡ್ (ಎಣ್ಣೆ ಒಡೆದು ಬಿಡಿಯಾದ ಕೊಬ್ಬಿನ ಆಮ್ಲ) ಏರುತ್ತದೆ, ಗಂಟಲು ಕೆರೆಯುವ ಎಣ್ಣೆ ಬರುತ್ತದೆ. ದೊಡ್ಡ ಮಿಲ್ಲಿನವರು ಅದನ್ನು ರಿಫೈನ್ ಮಾಡಿ ಸರಿಪಡಿಸುತ್ತಾರೆ, ಗಾಣದ ಎಣ್ಣೆಗೆ ಆ ಅವಕಾಶ ಇಲ್ಲ. ಆದ್ದರಿಂದ ನಿಮ್ಮ ಎಣ್ಣೆಯ ಬೆಲೆ ನಿರ್ಧಾರ ಆಗುವುದು ಅಣ್ಣನ ಕಣದಲ್ಲಿ, ಪುಣೆಯಲ್ಲಿ ಅಲ್ಲ. ಚೆನ್ನಾಗಿ ಒಣಗಿಸಿ, ನೆಲಕ್ಕೆ ತಾಗದಂತೆ ಹಲಗೆ ಮೇಲೆ ಚೀಲ ಇಡಲಿ.

ಒಂದೆರಡು ಕೆಜಿ ಮಾತ್ರ ಮೊದಲು ಗಾಣಕ್ಕೆ ಹಾಕಿಸಿ. ಆ ಎಣ್ಣೆಯ ಟೆಸ್ಟ್ ನೀವೇ ಮಾಡಬಹುದು, ಬ್ಯೂರೆಟ್ (ಹನಿ ಅಳೆದು ಬಿಡುವ ಗಾಜಿನ ಕೊಳವೆ) ಇದ್ದರೆ ಸಾಕು. ತೂಕ ಮಾಡಿದ ಎಣ್ಣೆಯನ್ನು ಬಿಸಿ ಮಾಡಿದ ನ್ಯೂಟ್ರಲ್ ಆಲ್ಕೋಹಾಲ್‌ನಲ್ಲಿ ಹಾಕಿ, ಬಣ್ಣ ತೋರಿಸುವ ಫಿನಾಲ್ಫ್ತಲೀನ್ ಎರಡು ಹನಿ, ಆಮೇಲೆ 0.1 ನಾರ್ಮಲ್ (ದ್ರಾವಣದ ಸಾಂದ್ರತೆಯ ಅಳತೆ) ಕಾಸ್ಟಿಕ್ ಹನಿ ಹನಿಯಾಗಿ, ತಿಳಿ ಗುಲಾಬಿ ನಿಲ್ಲುವವರೆಗೆ. 28.2ನ್ನು ನಾರ್ಮಾಲಿಟಿಯಿಂದಲೂ ಖರ್ಚಾದ ಮಿಲಿಲೀಟರ್‌ನಿಂದಲೂ ಗುಣಿಸಿ, ಎಣ್ಣೆಯ ಗ್ರಾಂನಿಂದ ಭಾಗಿಸಿ. ಬಂದದ್ದು ಒಲಿಯಿಕ್ ಆಸಿಡ್ ಲೆಕ್ಕದಲ್ಲಿ ಫ್ರೀ ಫ್ಯಾಟಿ ಆಸಿಡ್ ಶೇಕಡಾ. ಒಣ ಚೀಲದ್ದು ಮತ್ತು ನೀರು ತಾಗಿದ ಚೀಲದ್ದು ಎರಡೂ ಮಾಡಿ ಹೋಲಿಸಿ ನೋಡಿ. ಇನ್ನೂ ಆಳವಾಗಿ ಕಲಿಯುವ ಮನಸ್ಸಿದ್ದರೆ ಮುಂಬೈ ಮಾಟುಂಗಾದ ಐಸಿಟಿ (ಕೆಮಿಕಲ್ ಟೆಕ್ನಾಲಜಿ ಕಲಿಸುವ ಸಂಸ್ಥೆ) ಇದೆ, ಹಳಬರು ಯುಡಿಸಿಟಿ ಅನ್ನುತ್ತಿದ್ದರು, 1933ರಲ್ಲಿ ಶುರುವಾದದ್ದು, ಅಲ್ಲಿ ಎಣ್ಣೆ ಮತ್ತು ಓಲಿಯೋಕೆಮಿಕಲ್‌ಗೇ (ಎಣ್ಣೆಯಿಂದ ಮಾಡುವ ಕೆಮಿಕಲ್) ಒಂದು ವಿಭಾಗ ಇದೆ. ಎಣ್ಣೆಯ ಸ್ಯಾಂಪಲ್ ಎಲ್ಲಿಗೇ ಕಳಿಸಿದರೂ ಕಂದು ಗಾಜಿನ ಬಾಟಲಿಯಲ್ಲಿ ಕತ್ತಿನವರೆಗೆ ತುಂಬಿ, ಗಾಳಿಗೆ ಜಾಗ ಬಿಡಬೇಡಿ. ಟೆಸ್ಟಿನ ಅಂಕಿ ಬಂದ ಮೇಲೆ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.