ಟೇಪು ಹೇಳುವುದನ್ನು ಅವಳು ಏಕೆ ನಂಬುವುದಿಲ್ಲ?

ಪ್ರಶ್ನೆ: ಉಡುಪಿಯ ದರ್ಜಿ
ಇಪ್ಪತ್ತೆರಡು ವರ್ಷಗಳಿಂದ ಬಟ್ಟೆ ಹೊಲಿಯುತ್ತಿದ್ದೇನೆ. ಅಕ್ಕನ ಮಗಳು ಮಂಗಳೂರಿನಲ್ಲಿ ಓದುತ್ತಾಳೆ, ಶನಿವಾರ ನಮ್ಮಲ್ಲಿಗೆ ಬರುತ್ತಾಳೆ. ದೀಪಾವಳಿಗೆ ಹೊಲಿದ ಚೂಡಿದಾರವನ್ನು ನಾಲ್ಕನೆಯ ಸಲ ತಂದು, "ಬಿಗಿಯಾಗಿದೆ, ಬಿಚ್ಚಿ ಹೊಲಿಯಿರಿ ಚಿಕ್ಕಮ್ಮ" ಎಂದಳು. ತೊಡಿಸಿ ನೋಡಿದರೆ ಪಕ್ಕದಲ್ಲಿ ನನ್ನ ಮುಷ್ಟಿ ಹಿಡಿಯುವಷ್ಟು ಸಡಿಲ. ಟೇಪು ಹಿಡಿದು ತೋರಿಸಿದೆ. "ನಿಮ್ಮ ಟೇಪು ಹಳೆಯದು, ಎಳೆದು ಉದ್ದವಾಗಿದೆ" ಎಂದಳು. ಹೊಸದು ತಂದೆ, ಅದನ್ನೂ ನಂಬಲಿಲ್ಲ. ಪುಂಡಿ ಎಂದರೆ ಪ್ರಾಣ ಬಿಡುತ್ತಿದ್ದವಳು ಈಗ ಗಂಜಿಯ ತಿಳಿ ಕುಡಿದು ಎದ್ದುಬಿಡುತ್ತಾಳೆ. ಇದು ಹಟವೋ, ಕಣ್ಣಿನ ದೋಷವೋ?

ಉತ್ತರ: ಸುರತ್ಕಲ್‌ನಿಂದ
ಮೊಬೈಲ್ ಕಸಿದುಕೊಳ್ಳಿ. ನಾಲ್ಕು ದಿನ ಎದುರು ಕುಳಿತು ನೀರುದೋಸೆ, ಕೋಳಿ ಸಾರು ಬಡಿಸಿ. ಸರಿಯಾಗುತ್ತಾಳೆ.

ಉತ್ತರ: ಕಂಕನಾಡಿಯವಳು
ನಮ್ಮ ಮನೆಯಲ್ಲಿಯೂ ಹಾಗೆಯೇ ಮಾಡಿದರು. ನಾನು ಚೆನ್ನಾಗಿ ಸುಳ್ಳು ಹೇಳುವುದನ್ನು ಕಲಿತೆ, ಅಷ್ಟೇ.

ನನಗಿದ್ದದ್ದು ಅನೊರೆಕ್ಸಿಯಾ, ಎಷ್ಟು ತೆಳ್ಳಗಾದರೂ ದಪ್ಪಗಿದ್ದೇನೆಂದು ಅನ್ನಿಸಿ ಊಟ ಬಿಡಿಸುವ ಮನಸ್ಸಿನ ಕಾಯಿಲೆ. ನಿಮ್ಮ ಹುಡುಗಿಗೂ ಅದೇ ಎಂದು ನಾನು ಹೇಳಲಾರೆ, ವೈದ್ಯರು ಹೇಳಬೇಕು. ಆದರೆ ಹಟವಂತೂ ಅಲ್ಲ. ಸಿಟಿ ಬಸ್ಸಿನ ಬಾಗಿಲಲ್ಲಿ ನಾನು ಭುಜ ತಿರುಗಿಸಿ ಹತ್ತುತ್ತಿದ್ದೆ, ನೇರವಾಗಿ ಹೋದರೆ ಸಿಕ್ಕಿಕೊಳ್ಳುತ್ತೇನೆಂದು. 2013ರಲ್ಲಿ ನೆದರ್‌ಲ್ಯಾಂಡ್ಸ್‌ನ ಸಂಶೋಧಕರು ಇದನ್ನೇ ಅಳೆದಿದ್ದಾರೆ: ಕಿಂಡಿ ಭುಜಕ್ಕಿಂತ ಶೇ. 25ರಷ್ಟು ಅಗಲವಿರುವಾಗ ಉಳಿದವರು ತಿರುಗತೊಡಗಿದರೆ, ಅನೊರೆಕ್ಸಿಯಾ ಇದ್ದವರು ಶೇ. 40ರಷ್ಟು ಅಗಲವಿದ್ದಾಗಲೇ ತಿರುಗುತ್ತಿದ್ದರು. ತಪ್ಪು ಅಳತೆ ಕಣ್ಣಿನಲ್ಲಿ ಮಾತ್ರವಲ್ಲ, ನಡಿಗೆಯಲ್ಲಿಯೂ ಇಳಿದಿರುತ್ತದೆ.

ದಯವಿಟ್ಟು ಟೇಪನ್ನು ಒಳಗಿಡಿ. ವಾದದಲ್ಲಿ ನೀವು ಗೆದ್ದರೂ ಅವಳಿಗೆ ಉಳಿಯುವುದು ಒಂದು ಸಂಖ್ಯೆ. "ದಪ್ಪಗಾದರೆ ಚಂದ ಕಾಣುತ್ತೀ" ಎಂಬ ಮಾತೂ ಬೇಡ, ಅದು ನಮಗೆ ಕೇಳಿಸುವುದೇ ಬೇರೆ ರೀತಿ. ಮುಟ್ಟು ನಿಂತಿದೆಯೇ, ತಲೆ ಸುತ್ತುತ್ತದೆಯೇ ಎಂದು ಮೆಲ್ಲಗೆ ಕೇಳಿ. ಹೃದಯದ ಬಡಿತ, ರಕ್ತದ ಪೊಟ್ಯಾಸಿಯಂ ನೋಡಿಸಬೇಕಾಗುತ್ತದೆ, ಮನೋವೈದ್ಯರೂ ಬೇಕು. ಎಲ್ಲಿಂದ ಶುರು ಮಾಡುವುದೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, 14416, ಕನ್ನಡದಲ್ಲಿಯೇ ಮಾತನಾಡುತ್ತಾರೆ.

ಉಡುಪಿಯ ದರ್ಜಿ
ನಿನ್ನೆ ನೋಡಿದೆ. ಚಾವಡಿಯಿಂದ ಅಡುಗೆಕೋಣೆಗೆ ಹೋಗುವಾಗ ಅವಳು ಅಡ್ಡ ತಿರುಗುತ್ತಾಳೆ. ಅಕ್ಕಿ ಮೂಟೆ ಹೊತ್ತವನು ನೇರವಾಗಿ ದಾಟುವ ಬಾಗಿಲು ಅದು! ಇಷ್ಟು ದಿನ ನನ್ನ ಕಣ್ಣು ಎಲ್ಲಿತ್ತೋ. ಮುಟ್ಟಿನ ವಿಷಯ ಕೇಳಿದೆ. ಉತ್ತರ ಬರಲಿಲ್ಲ, ಅಳು ಬಂತು. ಬುಧವಾರ ವೈದ್ಯರ ಬಳಿ ಹೋಗುತ್ತೇವೆ. ತೂಕದ ಯಂತ್ರಕ್ಕೆ ಬೆನ್ನು ಹಾಕಿ ನಿಲ್ಲಬಹುದೇ ಎಂದು ಕೇಳುತ್ತಿದ್ದಾಳೆ.

ಕಂಕನಾಡಿಯವಳು
ನಿಲ್ಲಬಹುದು. ನಾನೂ ಹಾಗೆಯೇ ನಿಲ್ಲುತ್ತಿದ್ದೆ. ಸಂಖ್ಯೆಯನ್ನು ಗಟ್ಟಿಯಾಗಿ ಓದಬಾರದೆಂದು ನರ್ಸ್‌ಗೆ ನೀವೇ ಮೊದಲು ಹೇಳಿಬಿಡಿ.